ಬೆರಳಿಗೆ ತಕ್ಕ ಯಂತ್ರ: ಬ್ರೈಲ್ ನೋಟ್‌ಟೇಕರ್ ಕೊಳ್ಳುವ ಮುನ್ನ

“ಫೋನೇ ಎಲ್ಲಾ ಓದಿ ಹೇಳುತ್ತಲ್ಲ, ಮತ್ತೆ ಇದ್ಯಾಕೆ?” ಬ್ರೈಲ್ ನೋಟ್‌ಟೇಕರ್ ಕೊಳ್ಳುವ ಮಾತೆತ್ತಿದ ಅಂಧ ವಿದ್ಯಾರ್ಥಿಗೆ ಮೊದಲು ಎದುರಾಗುವ ಪ್ರಶ್ನೆ ಇದು. ಅಪ್ಪ ಕೇಳುತ್ತಾರೆ, ಸೋದರಮಾವ ಕೇಳುತ್ತಾರೆ, ನೆರವಿಗೆ ಮುಂದೆ ಬಂದ ದಾನಿಗಳೂ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಎಲ್ಲ ಸೌಲಭ್ಯಗಳಿರುವ ನೋಟ್‌ಟೇಕರ್ ಒಂದಕ್ಕೆ ಅಮೆರಿಕದಲ್ಲಿ 5,500 ಡಾಲರಿಗೂ ಹೆಚ್ಚು ಬೆಲೆಯಿದೆ. ನಮ್ಮಲ್ಲಿಗೆ ಬರುವಾಗ ನಾಲ್ಕೂವರೆ ಲಕ್ಷ ರೂಪಾಯಿ ದಾಟುತ್ತದೆ. ಅದು ಮಾಡುವ ಕೆಲಸದಲ್ಲಿ ಬಹುಪಾಲನ್ನು ಕಿಸೆಯಲ್ಲಿರುವ ಫೋನು ಮಾತಿನಲ್ಲೇ ಮಾಡಿ ಮುಗಿಸುವುದನ್ನು ಕಂಡವರಿಗೆ ಹಾಗನ್ನಿಸುವುದು ಸಹಜ.

ಆದರೆ ಕೇಳುವುದೇ ಬೇರೆ, ಓದುವುದೇ ಬೇರೆ. ಬರೀ ಕೇಳಿಯೇ ಬೆಳೆದ ಮಗುವಿಗೆ ‘ವಿಶೇಷ’ ಎಂದು ಬರೆಯುವಾಗ ಯಾವ ಶ ಮೊದಲು, ಯಾವ ಷ ಆಮೇಲೆ ಎಂದು ತಿಳಿಯುವ ದಾರಿಯೇ ಇಲ್ಲ. ಸ್ಪೀಕರಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಹೆಸರುಗಳ ಕಾಗುಣಿತ, ಲೆಕ್ಕದ ಹಂತಗಳು, ರಸಾಯನಶಾಸ್ತ್ರದ ಸೂತ್ರ, ರಾಗದ ಸ್ವರಪ್ರಸ್ತಾರ, ಪದ್ಯದ ಸಾಲು ಎಲ್ಲಿ ಮುರಿದಿದೆ ಎಂಬ ವಿವರ, ಇವೆಲ್ಲ ಬೆರಳಿಗೇ ಸಿಗಬೇಕು. ತರಗತಿಯಲ್ಲಿ ಪಾಠ ಹೇಳುವ ಅಂಧ ಅಧ್ಯಾಪಕರಿಗೆ ಕಿವಿಯಲ್ಲಿ ಯಂತ್ರದ ಮಾತು ಕೇಳಿಸಿಕೊಳ್ಳುತ್ತ ಬಾಯಲ್ಲಿ ಪಾಠ ಹೇಳುವುದು ಎಷ್ಟು ಕಷ್ಟವೆಂದು ಯೋಚಿಸಿ ನೋಡಿ. ಬೆರಳು ಓದುತ್ತಿದ್ದರೆ ಬಾಯಿ ಪಾಠಕ್ಕೆ, ಕಿವಿ ಮಕ್ಕಳಿಗೆ ಸಿಗುತ್ತವೆ. ಕಣ್ಣು ಕಿವಿ ಎರಡೂ ಇಲ್ಲದವರಿಗಂತೂ ಬ್ರೈಲ್ ಬಿಟ್ಟರೆ ಫೋನಿನಲ್ಲಿ ಬಂದ ಸಂದೇಶ ಓದಲು ಬೇರೆ ಉಪಾಯವೇ ಇಲ್ಲ. ಫೋನ್ ಬಂತೆಂದು ಮಕ್ಕಳಿಗೆ ಬ್ರೈಲ್ ಕಲಿಸುವುದನ್ನು ಸಡಿಲಬಿಟ್ಟರೆ ಅವರನ್ನು ಓದು ಬರಹ ಬಲ್ಲವರ ಸಾಲಿನಿಂದ ಹೊರಗಿಟ್ಟಂತೆಯೇ. ಹಾಗಾಗಿ ಯಂತ್ರ ಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಬೇಕು ಎಂದೇ. ಯಾವ ಯಂತ್ರ ಎಂಬಲ್ಲಿ ಮಾತ್ರ ತಾಳ್ಮೆಯಿಂದ ಯೋಚಿಸಬೇಕು, ಯಾಕೆಂದರೆ ಇಲ್ಲಿ ಒಂದು ಸಲ ತಪ್ಪು ಆರಿಸಿದರೆ ಎರಡನೇ ಸಲ ಕೊಳ್ಳುವ ಶಕ್ತಿ ಹೆಚ್ಚಿನವರಿಗೆ ಇರುವುದಿಲ್ಲ.

ಪೆಟ್ಟಿಗೆಯೊಳಗೆ ಏನಿದೆ

ಲೂಯಿ ಬ್ರೈಲ್ ಆರು ಚುಕ್ಕಿಗಳ ಪದ್ಧತಿಯನ್ನು ಪುಸ್ತಕವಾಗಿ ಪ್ರಕಟಿಸಿದ್ದು 1829ರಲ್ಲಿ. ಅಲ್ಲಿಂದ ಎಷ್ಟೋ ಕಾಲ ಬರೆಯುವ ಸಾಧನ ಎಂದರೆ ಸ್ಲೇಟು ಮತ್ತು ಸ್ಟೈಲಸ್. ಬಲದಿಂದ ಎಡಕ್ಕೆ ಒಂದೊಂದೇ ಚುಕ್ಕಿ ಚುಚ್ಚಿ, ಹಾಳೆ ತಿರುವಿ ಎಡದಿಂದ ಬಲಕ್ಕೆ ಓದುವುದು. 1951ರಲ್ಲಿ ಅಮೆರಿಕದ ಪರ್ಕಿನ್ಸ್ ಶಾಲೆಯಿಂದ ಬ್ರೈಲರ್ ಎಂಬ ಟೈಪ್‌ರೈಟರ್ ಬಂತು. ಆರು ಚುಕ್ಕಿಗೆ ಆರು ಗುಂಡಿ, ನಡುವೆ ಸ್ಪೇಸ್. ಇದು ನಮ್ಮ ಪಕ್ಕದ ವೇಲೂರು ಬಳಿಯ ಕಾಟ್ಪಾಡಿಯಲ್ಲೂ ತಯಾರಾಗಿ ದೇಶದ ಅಂಧ ಶಾಲೆಗಳನ್ನು ತಲುಪಿದೆ. ಗಟ್ಟಿ ಯಂತ್ರ, ತಲೆಮಾರು ಬಾಳುತ್ತದೆ. ಆದರೆ ತೂಕ ಐದು ಕಿಲೋದ ಹತ್ತಿರ, ಸದ್ದು ಇಡೀ ಕೊಠಡಿಗೆ ಕೇಳುವಷ್ಟು. ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಹುಡುಗಿ ಅದನ್ನು ಹೆಗಲಿಗೆ ಹಾಕಿಕೊಂಡು ಹೊರಡುವುದು ಸಾಧ್ಯವಿಲ್ಲ.

1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ವರ್ಸಾಬ್ರೈಲ್ ಬರೆದದ್ದನ್ನು ಕ್ಯಾಸೆಟ್ ಟೇಪಿನಲ್ಲಿ ಉಳಿಸಿ, ಚುಕ್ಕಿಗಳ ಒಂದು ಸಾಲಿನಲ್ಲಿ ಮತ್ತೆ ಮೂಡಿಸುತ್ತಿತ್ತು. 1987ರಲ್ಲಿ ಡೀನ್ ಬ್ಲೇಜಿ ತಂದ ‘ಬ್ರೈಲ್ ಎನ್ ಸ್ಪೀಕ್’ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಬ್ರೈಲಿನಲ್ಲಿ ಬರೆಯಬಹುದಿತ್ತು, ಆದರೆ ಓದಲು ಚುಕ್ಕಿ ಸಾಲೇ ಇರಲಿಲ್ಲ, ಬರೆದದ್ದನ್ನು ಅದು ಮಾತಿನಲ್ಲಿ ಹೇಳುತ್ತಿತ್ತು. 2000ದಲ್ಲಿ ನ್ಯೂಜಿಲೆಂಡಿನಿಂದ ಬ್ರೈಲ್‌ನೋಟ್ ಬಂತು, ನಂತರ ಕೊರಿಯಾದ ಬ್ರೈಲ್‌ಸೆನ್ಸ್. ಇವತ್ತು ‘ನೋಟ್‌ಟೇಕರ್’ ಎಂದರೆ ಈ ವಂಶದ್ದು: ಬ್ರೈಲ್ ಕೀಲಿಮಣೆ, ಚುಕ್ಕಿಗಳು ಎದ್ದು ಬೀಳುವ ಒಂದು ಸಾಲು, ಒಳಗೊಂದು ಪುಟ್ಟ ಕಂಪ್ಯೂಟರ್.

ದುಡ್ಡೆಲ್ಲ ಹೋಗುವುದು ಆ ಚುಕ್ಕಿ ಸಾಲಿಗೆ. ಸಾಲಿನ ಒಂದೊಂದು ಅಕ್ಷರದ ಮನೆಯನ್ನು ಬಳಸುವವರೆಲ್ಲ ‘ಸೆಲ್’ ಎನ್ನುತ್ತಾರೆ. ಪ್ರತಿ ಸೆಲ್ಲಿನಲ್ಲಿ ಎಂಟು ಸಣ್ಣ ಕಡ್ಡಿಗಳು. ಪ್ರತಿ ಕಡ್ಡಿಯ ಕೆಳಗೆ ಪೀಜೋ ಸಿರಾಮಿಕ್ಕಿನ ತೆಳು ಪಟ್ಟಿ. ಸುಮಾರು 200 ವೋಲ್ಟ್ ಕೊಟ್ಟಾಗ ಪಟ್ಟಿ ಕೂದಲೆಳೆಯಷ್ಟು ಬಾಗಿ ಕಡ್ಡಿಯನ್ನು ಮೇಲಕ್ಕೆತ್ತುತ್ತದೆ, ವೋಲ್ಟ್ ತೆಗೆದರೆ ಕಡ್ಡಿ ಇಳಿಯುತ್ತದೆ. 40 ಸೆಲ್ಲಿನ ಯಂತ್ರದಲ್ಲಿ ಇಂಥ 320 ಪಟ್ಟಿಗಳು ಒಂದೂ ತಪ್ಪದೆ ಕೆಲಸ ಮಾಡಬೇಕು. ಇದನ್ನು ತಯಾರಿಸುವ ಕಂಪನಿಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು, ಕೊಳ್ಳುವವರೂ ಫೋನ್ ಕೊಳ್ಳುವವರಂತೆ ಕೋಟಿಗಟ್ಟಲೆ ಇಲ್ಲ. ಬೆಲೆ ಇಳಿಯದಿರಲು ಕಾರಣ ಇದೇ.

ನನ್ನ ಪ್ರಕಾರ ಯಂತ್ರದ ಆಯ್ಕೆ ಶುರುವಾಗಬೇಕಾದ್ದೂ ಇಲ್ಲಿಂದಲೇ. ಚೆನ್ನಾಗಿ ನೋಡಿಕೊಂಡರೆ ಸೆಲ್ಲುಗಳು ಹತ್ತು ವರ್ಷಕ್ಕೂ ಮೀರಿ ಬಾಳುತ್ತವೆ. ಒಳಗಿನ ಕಂಪ್ಯೂಟರಿಗೆ ಆ ಆಯಸ್ಸಿಲ್ಲ. ಹೆಸರಾಂತ ಬ್ರೈಲ್‌ನೋಟ್ ಟಚ್ ಪ್ಲಸ್ ಓಡುವುದು ಆಂಡ್ರಾಯ್ಡ್ 8.1ರ ಮೇಲೆ, 2017ರ ಕೊನೆಗೆ ಬಂದ ಆ ಆವೃತ್ತಿಗೆ ಗೂಗಲ್ ಭದ್ರತಾ ಅಪ್‌ಡೇಟ್ ನಿಲ್ಲಿಸಿ ವರ್ಷಗಳೇ ಆಗಿವೆ. ಚುಕ್ಕಿಗಳು ಹೊಸತರಂತೆ ಏಳುತ್ತಿದ್ದರೂ ಬ್ಯಾಂಕಿನ ಆ್ಯಪ್ ಅದರಲ್ಲಿ ಓಡುತ್ತದೆಂದು ನಂಬಿ ಕೂರುವಂತಿಲ್ಲ. ಆದ್ದರಿಂದ ಯಂತ್ರದ ಪಟ್ಟಿಯಲ್ಲಿ ಎಷ್ಟು ಆ್ಯಪ್, ಎಷ್ಟು ಮೆಮೊರಿ ಎಂಬುದನ್ನು ಕೊನೆಗೆ ನೋಡಿ. ದುಡ್ಡು ಸೆಲ್ಲುಗಳ ಮೇಲೆ ಹಾಕಿ, ಬುದ್ಧಿಯನ್ನು ಫೋನಿನಿಂದಲೋ ಲ್ಯಾಪ್‌ಟಾಪಿನಿಂದಲೋ ಎರವಲು ತನ್ನಿ.

ಮೂರು ಬಗೆ, ಯಾರಿಗೆ ಯಾವುದು

ಎರವಲು ತರುವುದು ಹೇಗೆಂದರೆ, ಬ್ರೈಲ್ ಡಿಸ್‌ಪ್ಲೇ ಎಂಬ ಸಾಧನಕ್ಕೆ ತನ್ನದೇ ದೊಡ್ಡ ಕಂಪ್ಯೂಟರ್ ಇರುವುದಿಲ್ಲ. ಬ್ಲೂಟೂತ್ ಇಲ್ಲವೇ ಕೇಬಲ್ಲಿನ ಮೂಲಕ ಫೋನಿಗೋ ಲ್ಯಾಪ್‌ಟಾಪಿಗೋ ಜೋಡಿಸಿದರೆ ಐಫೋನಿನ ವಾಯ್ಸ್‌ಓವರ್, ಆಂಡ್ರಾಯ್ಡಿನ ಟಾಕ್‌ಬ್ಯಾಕ್, ವಿಂಡೋಸಿನ ಎನ್‌ವಿಡಿಎ ಅಥವಾ ಜಾಸ್ ಎಂಬ ಪರದೆ ಓದುವ ತಂತ್ರಾಂಶಗಳು ಹೇಳುವುದೆಲ್ಲ ಚುಕ್ಕಿಯಾಗಿ ಮೂಡುತ್ತದೆ. ಅದರ ಆರು ಗುಂಡಿಗಳಿಂದ ಫೋನಿನಲ್ಲಿ ಬರೆಯಲೂಬಹುದು. ಎನ್‌ವಿಡಿಎ ಉಚಿತ ಎಂಬುದನ್ನು ಮರೆಯಬಾರದು. ಫೋನ್ ಹಳತಾದರೆ ಫೋನ್ ಬದಲಿಸಿದರಾಯಿತು, ಚುಕ್ಕಿ ಸಾಲು ಅದೇ ಇರುತ್ತದೆ. 2018ರಲ್ಲಿ ಯುಎಸ್‌ಬಿ ಸಂಸ್ಥೆ ಎಲ್ಲ ಬ್ರೈಲ್ ಡಿಸ್‌ಪ್ಲೇಗಳಿಗೂ ಒಂದೇ ಸಂಪರ್ಕ ಮಾನದಂಡ ಪ್ರಕಟಿಸಿತು, ‘ಎಚ್‌ಐಡಿ ಬ್ರೈಲ್’ ಎಂದು ಅದರ ಹೆಸರು. ಇದು ಇದೆಯೇ ಎಂದು ಅಂಗಡಿಯವರನ್ನು ಕೇಳಿ. ಇದ್ದರೆ, ಕಂಪನಿ ನಾಳೆ ಬಾಗಿಲು ಮುಚ್ಚಿ ಡ್ರೈವರ್ ಕೊಡುವುದನ್ನು ನಿಲ್ಲಿಸಿದರೂ ಯಂತ್ರ ಮೂಲೆಗೆ ಬೀಳುವ ಭಯ ಕಡಿಮೆ.

ಇನ್ನೊಂದು ತುದಿಯಲ್ಲಿ ಪೂರ್ಣ ನೋಟ್‌ಟೇಕರ್. ಅದನ್ನು ಕೊಳ್ಳಲೇಬಾರದೆಂದು ನಾನು ಹೇಳುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ಬರೆಯತೊಡಗಬಹುದು, ಬ್ಲೂಟೂತ್ ಕಡಿದುಹೋಯಿತೆಂದು ಉಪನ್ಯಾಸದ ನಡುವೆ ಒದ್ದಾಡಬೇಕಿಲ್ಲ. ಇಡೀ ದಿನ ಕಡತ, ಮೇಲ್, ಕ್ಯಾಲೆಂಡರ್ ಎಂದು ಓಡಾಡುವ ವಕೀಲರಿಗೆ, ಅಧಿಕಾರಿಗಳಿಗೆ ಅದು ಒಗ್ಗುತ್ತದೆ. ತಂತ್ರಜ್ಞಾನದ ಜೊತೆ ಗುದ್ದಾಡಲು ಮನಸ್ಸಿಲ್ಲದ ಹಿರಿಯರಿಗೂ ಎಲ್ಲ ಒಂದೇ ಕಡೆ ಇರುವುದು ನೆಮ್ಮದಿ. ಆದರೆ ಆ ನೆಮ್ಮದಿಯ ಬೆಲೆ ಲಕ್ಷಗಳಲ್ಲಿದೆ.

ಇವೆರಡರ ನಡುವೆ ಮೂರನೆಯದೊಂದು ಜಾತಿ ಬೆಳೆದಿದೆ. ನಮ್ಮ ವಿದ್ಯಾರ್ಥಿಗಳಿಗೆ ನಾನು ಸೂಚಿಸುವುದು ಅದನ್ನೇ. ಮೂಲತಃ ಡಿಸ್‌ಪ್ಲೇಯೇ, ಆದರೆ ಒಳಗೆ ಟಿಪ್ಪಣಿ ಬರೆಯಲು ಸಣ್ಣ ಎಡಿಟರ್, ಪುಸ್ತಕ ಓದುವ ಸೌಲಭ್ಯ, ಕೆಲವದರಲ್ಲಿ ಗಡಿಯಾರ, ಕ್ಯಾಲ್ಕುಲೇಟರ್ ಇರುತ್ತವೆ. ಹ್ಯೂಮನ್‌ವೇರ್ ಕಂಪನಿಯ ಬ್ರೈಲಿಯಂಟ್ ಬಿಐ 20ಎಕ್ಸ್, 40ಎಕ್ಸ್, ಆರ್ಬಿಟ್ ರೀಡರ್ 20 ಈ ಜಾತಿಯವು. ಫೋನ್ ಒಯ್ಯಲು ಬಿಡದ ತರಗತಿಯಲ್ಲಿ, ಹಾಸ್ಟೆಲಿನಲ್ಲಿ, ಪರೀಕ್ಷಾ ಕೊಠಡಿಯಲ್ಲಿ ಒಂಟಿಯಾಗಿ ಕೆಲಸ ಮಾಡುತ್ತವೆ. ಹೊರಗೆ ಬಂದು ಫೋನಿಗೆ ಜೋಡಿಸಿದರೆ ವಾಟ್ಸ್ಆ್ಯಪ್‌ನಿಂದ ಹಿಡಿದು ದಿನಪತ್ರಿಕೆಯವರೆಗೆ ಎಲ್ಲ ಬೆರಳಿಗೆ ಬರುತ್ತದೆ. ಬ್ರೈಲಿಯಂಟಿನಲ್ಲಿ ‘ಎಕ್ಸಾಮ್ ಮೋಡ್’ ಕೂಡ ಇದೆ. ಅದನ್ನು ಹಾಕಿದರೆ ಉಳಿಸಿಟ್ಟ ಟಿಪ್ಪಣಿ, ಪುಸ್ತಕ ಯಾವುದೂ ತೆರೆಯುವುದಿಲ್ಲ. ಅಂಗವಿಕಲ ಅಭ್ಯರ್ಥಿಗಳ ಲಿಖಿತ ಪರೀಕ್ಷೆಗೆ 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಬ್ರೈಲಿನಲ್ಲೋ ಕಂಪ್ಯೂಟರಿನಲ್ಲೋ ಬರೆಯುವ ಆಯ್ಕೆಯನ್ನು ಕೊಟ್ಟಿತು. ಆದರೂ ಕೊಠಡಿ ಮೇಲ್ವಿಚಾರಕರಿಗೆ ಯಂತ್ರ ಹೊಸತು. “ಮೇಡಂ, ಇದರಲ್ಲಿ ಈಗ ಏನೂ ತೆರೆಯುವುದಿಲ್ಲ, ಬೇಕಿದ್ದರೆ ನೋಡಿ” ಎಂದು ತೋರಿಸುವಂತಿದ್ದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಯಂತ್ರಕ್ಕೆ ಅನುಮತಿ ಕೇಳಿ ಪ್ರಾಂಶುಪಾಲರಿಗೋ ಮಂಡಳಿಗೋ ವರ್ಷದ ಆರಂಭದಲ್ಲೇ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳುವುದು ಅದಕ್ಕಿಂತ ಮುಖ್ಯ.

ಎಷ್ಟು ಸೆಲ್ ಬೇಕು

14, 20, 32, 40. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಅಳತೆಗಳು ಇವು. ಇಂಗ್ಲಿಷಿನಲ್ಲಿ ಓದುವವರು ಬರೆದ ಸಲಹೆಗಳನ್ನು ನಾವು ಹಾಗೆಯೇ ನಂಬುವಂತಿಲ್ಲ. ಇಂಗ್ಲಿಷ್ ಬ್ರೈಲಿನಲ್ಲಿ ಸಂಕ್ಷೇಪಗಳಿವೆ. ಎಷ್ಟೋ ಪದಗಳು ಒಂದೆರಡು ಸೆಲ್ಲಿನಲ್ಲಿ ಮುಗಿಯುತ್ತವೆ. ಕನ್ನಡ ಬರೆಯುವ ಭಾರತೀ ಬ್ರೈಲಿನಲ್ಲಿ ಪ್ರತಿ ವ್ಯಂಜನಕ್ಕೊಂದು ಸೆಲ್, ಪ್ರತಿ ಸ್ವರಚಿಹ್ನೆಗೊಂದು ಸೆಲ್, ಒತ್ತಕ್ಷರ ಬಂದರೆ ಅದಕ್ಕಾಗಿ ಹಲಂತದ ಚುಕ್ಕಿ ಬೇರೆ. ಒಂದು ಸಾಮಾನ್ಯ ಸೂಚನೆಯನ್ನು ಎಣಿಸಿ ನೋಡೋಣ: ‘ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಪರೀಕ್ಷೆ’. ‘ನಾಳೆ’ಗೆ ನಾಲ್ಕು ಸೆಲ್. ‘ಬೆಳಿಗ್ಗೆ’ಗೆ ಎಂಟು: ಬ, ಎ, ಳ, ಇ, ಹಲಂತ, ಗ, ಗ, ಎ. ‘ಹತ್ತು’ ಐದು, ‘ಗಂಟೆಗೆ’ ಆರು. ‘ಪರೀಕ್ಷೆ’ಗೆ ಐದೇ ಸಾಕು, ಏಕೆಂದರೆ ಕ್ಷ ಅಕ್ಷರಕ್ಕೆ ತನ್ನದೇ ಒಂದು ಸೆಲ್ ಇದೆ. ನಡುವಿನ ಖಾಲಿ ಜಾಗ ಸೇರಿಸಿದರೆ ಒಟ್ಟು 32.

14 ಸೆಲ್ಲಿನ ಯಂತ್ರ ಮೊದಲಿಗೆ ‘ನಾಳೆ ಬೆಳಿಗ್ಗೆ’ ಎಂದು ತೋರಿಸಿ ನಿಲ್ಲುತ್ತದೆ. 20 ಸೆಲ್ಲಿನದು ‘ನಾಳೆ ಬೆಳಿಗ್ಗೆ ಹತ್ತು’ವರೆಗೆ ಬರುತ್ತದೆ, ಸಾಲನ್ನು ಮುಂದೆ ಸರಿಸುವ ಪ್ಯಾನಿಂಗ್ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ‘ಗಂಟೆಗೆ ಪರೀಕ್ಷೆ’. 32 ಸೆಲ್ಲಿನಲ್ಲಿ ಇಡೀ ವಾಕ್ಯ ಒಂದೇ ಗುಕ್ಕಿಗೆ ಸಿಗುತ್ತದೆ. ಒಂದು ಸಂದೇಶಕ್ಕೆ ಒಂದು ಗುಂಡಿ ಹೆಚ್ಚು ಒತ್ತಿದರೆ ಏನೂ ಹೋಗುವುದಿಲ್ಲ. ಕಾದಂಬರಿಯನ್ನೋ ಇತಿಹಾಸದ ನೋಟ್ಸನ್ನೋ ಓದುವಾಗ ಪ್ರತಿ ಎರಡು ಮೂರು ಪದಕ್ಕೆ ಕೈ ನಿಂತರೆ ಓದಿನ ಓಟವೇ ಹೋಗುತ್ತದೆ. ಎರಡೂ ಕೈಯಲ್ಲಿ ವೇಗವಾಗಿ ಓದುವವರು ಇದನ್ನು ಹೆಚ್ಚು ಅನುಭವಿಸುತ್ತಾರೆ: ಎಡಗೈ ಸಾಲಿನ ಆರಂಭಕ್ಕೆ ಮರಳುವಾಗ ಬಲಗೈ ಇನ್ನೂ ಓದುತ್ತಿರಬೇಕು, ಸಾಲು ತೀರಾ ಚಿಕ್ಕದಾದರೆ ಬಲಗೈಗೆ ಕೆಲಸವೇ ಇರುವುದಿಲ್ಲ.

ಹಾಗೆಂದು ಎಲ್ಲರೂ 40ಕ್ಕೆ ಹೋಗಬೇಕಿಲ್ಲ. ಫೋನಿನ ಸಂದೇಶ, ದೂರವಾಣಿ ಸಂಖ್ಯೆ, ಹಾಡಿನ ಪಲ್ಲವಿ, ಭಾಷಣದ ಅಂಶಗಳು ಇಷ್ಟಕ್ಕೆ 20 ಸಾಕು, ಕೈಚೀಲದಲ್ಲಿ ಹಿಡಿಯುತ್ತದೆ, ತೂಕ ಅರ್ಧ ಕಿಲೋ ಆಸುಪಾಸು. ಹಾಡುವವರಿಗೆ ಒಂದು ಕೈ ತಂಬೂರಿಯ ಮೇಲೋ ತಾಳಕ್ಕೋ ಬೇಕು, ಇನ್ನೊಂದೇ ಓದುವುದು. ಅವರಿಗೆ ಉದ್ದ ಸಾಲಿನ ಲಾಭ ಅಷ್ಟಿಲ್ಲ. ಕನ್ನಡದಲ್ಲಿ ದಿನಕ್ಕೆ ಗಂಟೆಗಟ್ಟಲೆ ಓದುವವರಿಗೆ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ, ಅಧ್ಯಾಪಕರಿಗೆ, ಕರಡು ತಿದ್ದುವವರಿಗೆ 32ಕ್ಕಿಂತ ಕಡಿಮೆ ತೆಗೆದುಕೊಳ್ಳಬೇಡಿ ಎಂದೇ ಹೇಳುತ್ತೇನೆ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರಿಗೆ 40 ಬೇಕು. ಅಂಥವರು ಪ್ರತಿ ಸೆಲ್ಲಿನ ಮೇಲಿರುವ ರೂಟಿಂಗ್ ಗುಂಡಿಯನ್ನೂ ನೋಡಬೇಕು. ತಪ್ಪಿರುವ ಅಕ್ಷರದ ಮೇಲಿನ ಗುಂಡಿ ಒತ್ತಿದರೆ ಕರ್ಸರ್ ನೇರ ಅಲ್ಲಿಗೇ ಬಂದು ಕೂರುತ್ತದೆ.

ಕನ್ನಡ ಬರುತ್ತದೆಯೇ, ಅಲ್ಲೇ ಬರೆದು ನೋಡಿ

“ಸರ್, ಕನ್ನಡ ಸಪೋರ್ಟ್ ಇದೆ.” ಮಾರುವವರು ಹೀಗೆ ಹೇಳಿದಾಗ ತಲೆಯಾಡಿಸಿ ಸುಮ್ಮನಾಗಬೇಡಿ. “ಹಾಗಾದ್ರೆ ಒಂದು ನಿಮಿಷ ಕೊಡಿ, ಬರೆದು ನೋಡ್ತೀನಿ” ಎಂದು ಯಂತ್ರವನ್ನು ಕೈಗೆ ತೆಗೆದುಕೊಳ್ಳಿ. ಬರೆಯಬೇಕಾದ ಪದ ‘ಕರ್ನಾಟಕ’.

ಈ ಪದ ಯಾಕೆಂದರೆ, 1951ರಲ್ಲಿ ಒಪ್ಪಿತವಾದ ಭಾರತೀ ಬ್ರೈಲಿನಲ್ಲಿ ಭಾರತದ ಭಾಷೆಗಳು ಬಹುಮಟ್ಟಿಗೆ ಉಚ್ಚಾರದ ಪ್ರಕಾರ ಒಂದೇ ಚುಕ್ಕಿಗಳನ್ನು ಹಂಚಿಕೊಂಡಿವೆ. ಕನ್ನಡದ ಕ, ಹಿಂದಿಯ ಕ, ಇಂಗ್ಲಿಷಿನ ‘ಕೆ’ ಮೂರಕ್ಕೂ 1 ಮತ್ತು 3ನೇ ಚುಕ್ಕಿಯೇ. ಬೆರಳಿಗೆ ಇದರಿಂದ ಏನೂ ತೊಂದರೆ ಇಲ್ಲ, ಓದುವವರಿಗೆ ಯಾವ ಭಾಷೆಯೆಂದು ಗೊತ್ತಿರುತ್ತದೆ. ಯಂತ್ರಕ್ಕೆ ಮಾತ್ರ ಹೇಳಿಕೊಡಬೇಕು. ಆ ಕೆಲಸ ಮಾಡುವುದು ಅನುವಾದ ಕೋಷ್ಟಕ. ‘ಲಿಬ್‌ಲೂಯಿ’ ಎಂಬ ಮುಕ್ತ ತಂತ್ರಾಂಶದಲ್ಲಿ ಕನ್ನಡದ ಕೋಷ್ಟಕ ಇದೆ, ಎನ್‌ವಿಡಿಎ ಅದನ್ನೇ ಬಳಸುತ್ತದೆ. ಈಗ ‘ಕರ್ನಾಟಕ’ಕ್ಕೆ ಬನ್ನಿ. ಬ್ರೈಲಿನಲ್ಲಿ ಕ ಬರೆದ ಮೇಲೆ ಹಲಂತದ 4ನೇ ಚುಕ್ಕಿ, ಅದಾದ ಮೇಲೆ ರ, ನ, ಆ, ಟ, ಕ. ಅಂದರೆ ಹಲಂತ ಬರುವುದು ರಕಾರಕ್ಕಿಂತ ಮೊದಲು. ಕಂಪ್ಯೂಟರಿನ ಯುನಿಕೋಡ್ ಬರಹದಲ್ಲಿ ಇದು ತಿರುವುಮುರುವು: ರ ಮೊದಲು, ಹಲಂತ ಆಮೇಲೆ. ಸ್ಥಾನ ಅದಲುಬದಲು ಮಾಡಲು ಬಾರದ ಯಂತ್ರ ಹಲಂತವನ್ನು ಹಿಂದಿನ ಕಕಾರಕ್ಕೆ ಅಂಟಿಸಿ ‘ಕ್ರನಾಟಕ’ ಎಂದು ಕೊಡುತ್ತದೆ. ನಿಮ್ಮ ಬೆರಳಿನಡಿ ಸರಿಯಾಗಿಯೇ ಕಾಣುತ್ತಿರುತ್ತದೆ. ತಪ್ಪು ಗೊತ್ತಾಗುವುದು ಕಡತವನ್ನು ಮೇಷ್ಟ್ರಿಗೆ ಕಳಿಸಿದಾಗ. ಆದ್ದರಿಂದ ಬರೆದ ಪದವನ್ನು ಫೋನಿಗೆ ಕಳಿಸಿ, ಕಣ್ಣಿರುವವರೊಬ್ಬರಿಂದ ಓದಿಸಿ. ‘ವಿಜ್ಞಾನ’, ‘ಸ್ವಾತಂತ್ರ್ಯ’, ‘ಅರ್ಘ್ಯ’, ‘ದುಃಖ’ ಇವನ್ನೂ ಬರೆದು ನೋಡಿ. ನಡುವೆ ಒಂದು ಇಂಗ್ಲಿಷ್ ಪದ, ಒಂದು ಇಸವಿ ಹಾಕಿ. ಆಮೇಲೆ ಉಲ್ಟಾ ಪರೀಕ್ಷೆ: ಫೋನಿನಲ್ಲಿ ಟೈಪ್ ಮಾಡಿದ ಅದೇ ಪದಗಳನ್ನು ಯಂತ್ರಕ್ಕೆ ಹಾಕಿ ಬೆರಳಿನಿಂದ ಓದಿ.

ಈ ಪರೀಕ್ಷೆಯಲ್ಲಿ ದುಬಾರಿ ಯಂತ್ರ ಗೆದ್ದೇ ಗೆಲ್ಲುತ್ತದೆ ಎಂದು ಹೇಳುವಂತಿಲ್ಲ. ವಿದೇಶದಲ್ಲಿ ತಯಾರಾದ ನೋಟ್‌ಟೇಕರಿನ ಒಳಗೆ ಯಾವ ಭಾಷೆಗಳ ಕೋಷ್ಟಕ, ಯಾವ ಭಾಷೆಗಳ ಧ್ವನಿ ಹಾಕಬೇಕೆಂದು ತೀರ್ಮಾನಿಸುವುದು ಅಲ್ಲಿನ ಮಾರುಕಟ್ಟೆ. ಡಿಸ್‌ಪ್ಲೇಯನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಎನ್‌ವಿಡಿಎ ಮೂಲಕ ಓದಿದರೆ ಕನ್ನಡದ ಕೋಷ್ಟಕ ಅಲ್ಲಿ ಸಿದ್ಧವಿದೆ, ಇಸ್ಪೀಕ್ ಎಂಬ ಉಚಿತ ಧ್ವನಿಯೂ ಕನ್ನಡ ಮಾತಾಡುತ್ತದೆ. ಬುದ್ಧಿಯನ್ನು ಎರವಲು ತನ್ನಿ ಎಂದದ್ದಕ್ಕೆ ಕನ್ನಡ ಓದುಗರ ಮಟ್ಟಿಗೆ ಇದು ದೊಡ್ಡ ಕಾರಣ.

ಪುಸ್ತಕದ ವಿಷಯದಲ್ಲಿ ಒಂದು ಅನುಕೂಲ ಇದೆ. ಬ್ರೈಲಿಗೆಂದೇ ಸಿದ್ಧಪಡಿಸಿದ ‘ಬಿಆರ್‌ಎಫ್’ ಕಡತದಲ್ಲಿ ಇರುವುದು ಚುಕ್ಕಿಗಳೇ. ಅದನ್ನು ತೋರಿಸಲು ಯಂತ್ರಕ್ಕೆ ಕನ್ನಡ ಬರಲೇಬೇಕೆಂದಿಲ್ಲ, ಇದ್ದ ಚುಕ್ಕಿಯನ್ನು ಇದ್ದ ಹಾಗೆ ಎಬ್ಬಿಸಿದರೆ ಸಾಕು. ಶಾಲಾ ಪಠ್ಯವೊಂದು ಕಾಗದದ ಬ್ರೈಲಿನಲ್ಲಿ ಹಲವು ದಪ್ಪ ಸಂಪುಟಗಳಾಗುತ್ತದೆ. ಅದೇ ಪುಸ್ತಕ ಬಿಆರ್‌ಎಫ್ ಆಗಿ ಬಂದರೆ ಉಗುರಿನಷ್ಟು ಮೆಮೊರಿ ಕಾರ್ಡಿನ ಒಂದು ಮೂಲೆಯಲ್ಲಿ ಕೂರುತ್ತದೆ. ಕಾನೂನಿನ ತೊಡಕೂ ಇಲ್ಲ. 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಅಂಧರಿಗಾಗಿ ಪುಸ್ತಕಗಳನ್ನು ಓದಬಹುದಾದ ರೂಪಕ್ಕೆ ತರಲು ಅವಕಾಶ ಕೊಟ್ಟಿತು. ಇದೇ ಉದ್ದೇಶದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಸ್ಥಿರೀಕರಿಸಿದ ದೇಶ ನಮ್ಮದು. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯಕ್ಕೆ ಸದಸ್ಯರಾಗಬಹುದು. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ಪುಸ್ತಕಗಳನ್ನು ಬ್ರೈಲಿಗೆ ತರುವ ಕೆಲಸ ಮಾಡುತ್ತ ಬಂದಿವೆ. ಶಾಲೆಗೆ ಸಂಪುಟ ಕಳಿಸುವವರನ್ನು ಅದರ ಕಡತವನ್ನೂ ಕೊಡಿ ಎಂದು ಕೇಳುವ ರೂಢಿ ಬೆಳೆಯಬೇಕು. ಕಾಗದಕ್ಕೆ ಅಚ್ಚಾಗುವ ಮೊದಲು ಅದು ಕಡತವೇ ಆಗಿತ್ತಲ್ಲ.

ನಮ್ಮವರಿಗೆ ಇರುವ ಒಂದು ತಾಪತ್ರಯವನ್ನೂ ಹೇಳಿಬಿಡಬೇಕು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪಾದ ಕಡತಗಳು ಕಚೇರಿಗಳಲ್ಲಿ, ಕಾಲೇಜುಗಳಲ್ಲಿ ಇನ್ನೂ ರಾಶಿಯಿವೆ. ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಗೋಜಲು, ಬೆರಳಿಗೆ ಸಿಗುವುದೂ ಆ ಗೋಜಲೇ. ಎಷ್ಟು ಲಕ್ಷದ ಯಂತ್ರ ಕೊಂಡರೂ ಇದಕ್ಕೆ ಮದ್ದಿಲ್ಲ. ಯುನಿಕೋಡಿಗೆ ಬದಲಿಸುವ ಪರಿವರ್ತಕವನ್ನು ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಳ್ಳಬೇಕು. ನೋಟ್ಸ್ ಕಳಿಸುವ ಅಧ್ಯಾಪಕರು ಯುನಿಕೋಡಿನಲ್ಲೇ ಕಳಿಸಿದರೆ ಒಬ್ಬ ವಿದ್ಯಾರ್ಥಿಯ ಎಷ್ಟೋ ಸಂಜೆಗಳು ಉಳಿಯುತ್ತವೆ.

ನಮ್ಮಲ್ಲೇ ಆದದ್ದು

ಪೀಜೋ ಸೆಲ್ಲಿನ ಬೆಲೆಯನ್ನು ಬಗಲಿಗೆ ಸರಿಸಿ ಬೇರೆ ದಾರಿ ಹುಡುಕಿದವರಿದ್ದಾರೆ. ಹಲವು ದೇಶಗಳ ಅಂಧರ ಸಂಸ್ಥೆಗಳು ಒಟ್ಟಾಗಿ ಬೆನ್ನಿಗೆ ನಿಂತು ರೂಪುಗೊಂಡ ಆರ್ಬಿಟ್ ರೀಡರ್ 20 ಬಂದಾಗ ಅದರ ಬೆಲೆ 500 ಡಾಲರಿನ ಆಸುಪಾಸು ಎಂಬುದೇ ದೊಡ್ಡ ಸುದ್ದಿಯಾಗಿತ್ತು. ಮುಂಬಯಿಯ ಇನ್ನೊವಿಷನ್ ಕಂಪನಿ ಆಯಸ್ಕಾಂತದ ತಂತ್ರದಿಂದ 20 ಸೆಲ್ಲಿನ ‘ಬ್ರೈಲ್ ಮಿ’ ಮಾಡಿತು. ದೆಹಲಿ ಐಐಟಿಯವರು ತಮ್ಮ ಸಹಯೋಗಿಗಳ ಜೊತೆ ಸೇರಿ 2019ರಲ್ಲಿ ‘ಡಾಟ್‌ಬುಕ್’ ಎಂಬ ಲ್ಯಾಪ್‌ಟಾಪಿನಂಥ ಯಂತ್ರವನ್ನು 20 ಮತ್ತು 40 ಸೆಲ್ಲಿನಲ್ಲಿ ತಂದರು. ಬೆಂಗಳೂರಿನ ಥಿಂಕರ್‌ಬೆಲ್ ಲ್ಯಾಬ್ಸ್‌ನ ‘ಆ್ಯನಿ’ ಮಕ್ಕಳಿಗೆ ಬ್ರೈಲ್ ಕಲಿಸುವ ಯಂತ್ರ, ಟಿಪ್ಪಣಿ ಯಂತ್ರವಲ್ಲ. ಆದರೆ ಚುಕ್ಕಿ ಬಾರದ ಮಗುವಿಗೆ ಡಿಸ್‌ಪ್ಲೇ ಕೊಡಿಸುವ ಬದಲು ಮೊದಲು ಅಂಥದ್ದರಲ್ಲಿ ಕಲಿಸುವುದು ಸರಿಯಾದ ಕ್ರಮ.

ಅಗ್ಗದ ಯಂತ್ರಗಳಲ್ಲಿ ಒಂದಷ್ಟು ಬಿಟ್ಟುಕೊಡಬೇಕಾಗುತ್ತದೆ. ಆರ್ಬಿಟಿನಲ್ಲಿ ಸಾಲು ಬದಲಾಗುವುದು ಪೀಜೋಗಿಂತ ನಿಧಾನ, ಬದಲಾಗುವಾಗ ಸದ್ದೂ ಮಾಡುತ್ತದೆ. ಆದರೆ ಅದರ ಚುಕ್ಕಿಗಳು ಎದ್ದಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ, ಒತ್ತಿದರೆ ತಗ್ಗುವುದಿಲ್ಲ. ಬೆರಳು ಒತ್ತಿ ಓದುವ ಅಭ್ಯಾಸದವರಿಗೆ, ಹೊಸದಾಗಿ ಕಲಿತವರಿಗೆ ಅದು ಕಾಗದದ ಬ್ರೈಲಿಗೆ ಹತ್ತಿರ ಎನ್ನಿಸುತ್ತದೆ. ಬ್ರೈಲ್ ಮಿ ಸೆಲ್ಲಿನಲ್ಲಿ ಆರೇ ಚುಕ್ಕಿ. ಕನ್ನಡಕ್ಕೆ ಆರು ಸಾಕು. ಎಂಟಿದ್ದರೆ ಕೆಳಗಿನ 7, 8ನೇ ಚುಕ್ಕಿಗಳು ಕರ್ಸರ್ ಎಲ್ಲಿದೆ ಎಂದು ತೋರಿಸುತ್ತವೆ, ತಿದ್ದುವ ಕೆಲಸ ಹಗುರಾಗುತ್ತದೆ. ಮಧುಮೇಹದಿಂದ ದೃಷ್ಟಿ ಕಳೆದುಕೊಂಡವರಲ್ಲಿ ಕೆಲವರಿಗೆ ಬೆರಳ ತುದಿಯ ಸ್ಪರ್ಶವೂ ಮಂದವಾಗಿರುತ್ತದೆ. ಅವರಂತೂ ಎರಡು ಮೂರು ಬಗೆಯ ಸೆಲ್ಲುಗಳನ್ನು ಮುಟ್ಟಿ ನೋಡದೆ ತೀರ್ಮಾನಕ್ಕೆ ಬರಲೇಬಾರದು. ಗುಂಡಿಗಳ ಬಿಗಿಯೂ ಹಾಗೆಯೇ. ಹತ್ತು ನಿಮಿಷ ಬಿಡದೆ ಬರೆದು, ಮಣಿಕಟ್ಟು ಏನು ಹೇಳುತ್ತದೆಂದು ಕೇಳಿಕೊಳ್ಳಿ.

ರಿಪೇರಿ ಎಲ್ಲಿ ಎಂಬುದು ಬೆಲೆಯಷ್ಟೇ ದೊಡ್ಡ ಪ್ರಶ್ನೆ. ಕೈಯ ಜಿಡ್ಡು, ಬೆವರು, ಧೂಳು ಕಡ್ಡಿಗಳ ಸಂದಿಗೆ ಇಳಿದರೆ ಚುಕ್ಕಿ ಅರ್ಧಕ್ಕೆ ನಿಲ್ಲುತ್ತದೆ. ಕರಾವಳಿಯ ತೇವ, ಬಯಲುಸೀಮೆಯ ಧೂಳು ಎರಡೂ ಇದಕ್ಕೆ ಶತ್ರು. ಊಟ ಮಾಡಿದ ಕೈ ತೊಳೆದು ಒರೆಸಿಕೊಂಡೇ ಮುಟ್ಟುವುದು, ಬಳಸದಾಗ ಮುಚ್ಚಿಡುವುದು ಅರ್ಧ ರಿಪೇರಿ ತಪ್ಪಿಸುತ್ತದೆ. ಉಳಿದರ್ಧಕ್ಕೆ ಯಂತ್ರ ಎಲ್ಲಿಗೆ ಹೋಗಬೇಕು, ಒಂದು ಸೆಲ್ ಮಾತ್ರ ಬದಲಿಸಿ ಕೊಡುತ್ತಾರೆಯೇ, ವಿದೇಶಕ್ಕೆ ಹೋಗಿ ಬರುವ ಸಾಗಣೆ, ಸುಂಕ ಯಾರ ಲೆಕ್ಕ, ಅಲ್ಲಿಯವರೆಗೆ ಬದಲಿ ಯಂತ್ರ ಸಿಗುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ಬರಹದಲ್ಲಿ ಪಡೆಯಿರಿ. ಪರೀಕ್ಷೆ ಹತ್ತಿರ ಬಂದಾಗ ಯಂತ್ರ ತಿಂಗಳುಗಟ್ಟಲೆ ಕೈಯಲ್ಲಿಲ್ಲದಿದ್ದರೆ ಅದರ ಹಿರಿಮೆಯಿಂದ ಏನು ಪ್ರಯೋಜನ?

ದುಡ್ಡಿನ ದಾರಿ

ಸರ್ಕಾರಿ ನೌಕರಿಯಲ್ಲಿ ಇರುವವರು, ಸರ್ಕಾರಿ ಬ್ಯಾಂಕಿನವರು ಸ್ವಂತ ದುಡ್ಡು ಹಾಕುವ ಮೊದಲು ಕಚೇರಿಗೆ ಅರ್ಜಿ ಕೊಡಬೇಕು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ ಪ್ರಕಾರ ನೌಕರರಿಗೆ ಕೆಲಸ ಮಾಡಲು ಬೇಕಾದ ಸೂಕ್ತ ಅನುಕೂಲ ಕಲ್ಪಿಸುವುದು ಸರ್ಕಾರಿ ಸಂಸ್ಥೆಯ ಕರ್ತವ್ಯ. ಅದನ್ನು ಕೇಳಲು ಸಂಕೋಚಪಡುವವರೇ ಹೆಚ್ಚು. ವಿದ್ಯಾರ್ಥಿಗಳಿಗೆ ಕೇಂದ್ರದ ಎಡಿಪ್ ಯೋಜನೆ ಇದೆ, ರಾಜ್ಯದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಇದೆ, ಕಂಪನಿಗಳ ಸಿಎಸ್‌ಆರ್ ನಿಧಿಗಳಿವೆ. ಯುಡಿಐಡಿ ಕಾರ್ಡ್, ಆದಾಯ ಪ್ರಮಾಣಪತ್ರ, ಕಾಲೇಜಿನ ಪತ್ರ ಮೊದಲೇ ಸಿದ್ಧವಿರಲಿ. ನೆರವು ಕೊಡುವವರಿಗೆ ನನ್ನದೊಂದು ಕೋರಿಕೆ: ಒಂದೇ ಮಾದರಿಯ ನೂರು ಯಂತ್ರ ಖರೀದಿಸಿ ಸಮಾರಂಭದಲ್ಲಿ ಹಂಚಬೇಡಿ. ಕೂತು ಓದುವವರಿಗೆ ಉದ್ದ ಸಾಲು, ಓಡಾಡುವವರಿಗೆ ಚಿಕ್ಕದು, ಬ್ರೈಲ್ ಬಾರದವರಿಗೆ ಮೊದಲು ಕಲಿಸುವವರು ಬೇಕು. ಯಾರಿಗೆ ಏನು ಬೇಕೆಂದು ಅವರನ್ನೇ ಕೇಳಿ, ಅವರ ಕೈಯಲ್ಲೇ ಒಂದು ವಾರ ಇಟ್ಟು ನೋಡಲು ಬಿಡಿ. ಅಂಧರ ಸಂಸ್ಥೆಗಳು, ವಿಶ್ವವಿದ್ಯಾಲಯಗಳ ಸಂಪನ್ಮೂಲ ಕೇಂದ್ರಗಳು ಎರಡು ಮೂರು ಮಾದರಿಗಳನ್ನು ಎರವಲು ಕೊಡಲೆಂದೇ ಇಟ್ಟುಕೊಂಡರೆ ಎಷ್ಟೋ ತಪ್ಪು ಖರೀದಿ ತಪ್ಪುತ್ತದೆ.

ಹೊಸತು ಕೈಗೆಟುಕದವರಿಗೆ ಬಳಸಿದ ಯಂತ್ರವೂ ಒಂದು ದಾರಿ. ವಿದೇಶದಲ್ಲಿರುವ ನೆಂಟರೋ ಸ್ನೇಹಿತರೋ ಇದ್ದರೆ ಅಲ್ಲಿನವರು ಹೊಸತು ಕೊಂಡು ಹಳತು ಮಾರುವಾಗ ವಿಚಾರಿಸಲು ಹೇಳಿ. ಒಳಗಿನ ಸಾಫ್ಟ್‌ವೇರ್ ಹಳತಾಗಿದ್ದರೂ ಚಿಂತೆಯಿಲ್ಲ, ಡಿಸ್‌ಪ್ಲೇಯಾಗಿ ಎನ್‌ವಿಡಿಎ ಜೊತೆ ಕೆಲಸ ಮಾಡಿದರೆ ಸಾಕು. ಬ್ಯಾಟರಿ ಇನ್ನೂ ಸಿಗುವ ಮಾದರಿಯೇ, ಚಾರ್ಜರ್ ಯಾವುದು ಎಂದು ಕೇಳಿ. ಆಮೇಲೆ ಆರು ಗುಂಡಿ ಒಟ್ಟಿಗೆ ಒತ್ತಿ ಸಾಲಿನ ತುದಿಯವರೆಗೂ ತುಂಬು ಸೆಲ್ ಬರೆದು, ಒಂದೊಂದು ಚುಕ್ಕಿಯೂ ಸಮ ಎತ್ತರಕ್ಕೆ ಎದ್ದಿದೆಯೇ ಎಂದು ನಿಧಾನವಾಗಿ ಮುಟ್ಟಿ ನೋಡಿ. ಎಲ್ಲವನ್ನೂ ಅಳಿಸಿ, ಒಂದಾದರೂ ಕೆಳಗಿಳಿಯದೆ ಉಳಿದಿದೆಯೇ ಎಂದು ಮತ್ತೊಮ್ಮೆ ನೋಡಿ. ಎಂಟು ಚುಕ್ಕಿಯ ಯಂತ್ರವಾದರೆ ಕೆಳಗಿನ ಎರಡನ್ನೂ ಬಿಡಬೇಡಿ. ಒಂದೆರಡು ಸೆಲ್ ಕೆಟ್ಟಿದ್ದು, ಅವು ಸಾಲಿನ ಬಲತುದಿಯಲ್ಲಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು. ಎಡತುದಿಯಲ್ಲಿದ್ದರೆ ಪ್ರತಿ ಸಾಲಿನ ಮೊದಲ ಅಕ್ಷರವೇ ತಪ್ಪಾಗಿ ಸಿಗುತ್ತದೆ, ಅಂಥದ್ದನ್ನು ಸೆಲ್ ಬದಲಿಸಿಕೊಟ್ಟ ಮೇಲೆಯೇ ತೆಗೆದುಕೊಳ್ಳಿ.